ಬಾವಿಯ ವರದಿ

ಮೂವತ್ತನಾಲ್ಕು ವರ್ಷ ನಾನು ಆಸ್ಪತ್ರೆಯ ಆಪರೇಷನ್ ಥಿಯೇಟರಿನಲ್ಲಿ ನರ್ಸ್ ಆಗಿದ್ದವಳು. ಕತ್ತರಿ, ಚಿಮಟ, ಮೇಜು, ನೆಲ, ಕೈ, ಯಾವುದರ ಮೇಲೂ ಒಂದು ಕ್ರಿಮಿ ಉಳಿಯಬಾರದು ಎನ್ನುವುದೇ ನನ್ನ ಹೊಟ್ಟೆಪಾಡು. ಮಾಸ್ಕನ್ನು ಗದ್ದಕ್ಕೆ ಇಳಿಸಿಕೊಂಡು ಮಾತಾಡುತ್ತ ಒಳಗೆ ಬರಲು ಹೊರಟ ದೊಡ್ಡ ದೊಡ್ಡ ಡಾಕ್ಟರುಗಳನ್ನೂ ಬಾಗಿಲಿನಿಂದಲೇ ತಿರುಗಿಸಿ ಕಳಿಸಿದ್ದೇನೆ. ಬೆನ್ನ ಹಿಂದೆ ನನ್ನನ್ನು ಫಿನಾಯಿಲಮ್ಮ ಎನ್ನುತ್ತಿದ್ದರು. ಅದು ನನ್ನ ಕಿವಿಗೂ ಬಿದ್ದಿತ್ತು. ಬೇಜಾರೇನೂ ಆಗಲಿಲ್ಲ, ಒಳಗೊಳಗೇ ಖುಷಿಯೇ ಆಗಿತ್ತು.

ನಿವೃತ್ತಿಯಾದ ವರ್ಷ ನಾನೂ ನಮ್ಮ ಯಜಮಾನರೂ ಪಟ್ಟಣದ ಅಂಚಿನಲ್ಲಿ ಒಂದು ಹಳೆಯ ಮನೆ ಕೊಂಡೆವು. ನಾಲ್ಕು ಕೋಣೆ, ಹಿಂದೆ ಇಳಿಜಾರಾದ ಹಿತ್ತಲು, ಹಿತ್ತಲ ತುದಿಯಲ್ಲಿ ಕಲ್ಲು ಕಟ್ಟಿದ ಬಾವಿ. ಊರಿನ ನೀರಿನ ಪೈಪು ಎರಡು ತಿರುವಿನ ಆಚೆಯೇ ನಿಂತುಹೋಗಿತ್ತು, ಒಳಚರಂಡಿ ಅದಕ್ಕೂ ಮುಂಚೆಯೇ ಕೈಚೆಲ್ಲಿತ್ತು. ಅಂದರೆ ಕುಡಿಯುವ ನೀರಿಗೂ ನಾವೇ ದಿಕ್ಕು, ಬಳಸಿ ಬಿಟ್ಟ ನೀರಿಗೂ ನಾವೇ ದಿಕ್ಕು. ಬಂಧುಗಳೆಲ್ಲ "ನಿಮಗೆ ಈ ವಯಸ್ಸಲ್ಲಿ ಯಾಕೆ ಈ ಉಸಾಬರಿ" ಎಂದರು. ಮಗಳ ಮನೆಯಿಂದ ಸ್ಕೂಟರಿನಲ್ಲಿ ಹತ್ತೇ ನಿಮಿಷದ ದಾರಿ ಎನ್ನುವುದನ್ನು ನಾನು ಯಾರಿಗೂ ಬಿಡಿಸಿ ಹೇಳಲಿಲ್ಲ.

ಮಗಳು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು. ಅವಳಿಗೆ ಹೆಣ್ಣು ಮಗುವಾಗಿತ್ತು. ಹೆರಿಗೆಯ ರಜೆ ಮುಗಿದು ಅವಳು ಕೆಲಸಕ್ಕೆ ಹೋಗುವ ಹೊತ್ತಿಗೆ ಕೂಸಿಗೆ ಎಂಟು ತಿಂಗಳು. ಆ ಕೂಸನ್ನು ಹಗಲು ಹೊತ್ತು ನಾನು ನೋಡಿಕೊಳ್ಳಬೇಕು ಎನ್ನುವುದು ನನ್ನ ಆಸೆ. ಆಸೆ ಅಂದರೆ ಸಣ್ಣ ಮಾತಾಯಿತು. ನನ್ನ ಮಗಳು ಕೂಸಾಗಿದ್ದಾಗ ನಾನು ಒಂದು ವಾರ ಹಗಲು ಪಾಳಿ, ಒಂದು ವಾರ ರಾತ್ರಿ ಪಾಳಿ. ಅವಳು ಮೊದಲ ಹೆಜ್ಜೆ ಇಟ್ಟಿದ್ದು ಪಕ್ಕದ ಮನೆಯವರ ಹಜಾರದಲ್ಲಿ. ನನಗೆ ಸುದ್ದಿ ಬಂದಿದ್ದು ಮಾರನೆಯ ದಿನ. ಆಗ ಅಳಲಿಲ್ಲ, ಪುರುಸೊತ್ತಿರಲಿಲ್ಲ. ಈಗ ಪುರುಸೊತ್ತು ಇತ್ತು, ಆ ಸಂಕಟವೂ ಹಾಗೇ ಇತ್ತು.

ಮಗಳು ಒಪ್ಪಿದಳು, ಒಂದು ಷರತ್ತು ಹಾಕಿ.

"ಬಿಡ್ತೀನಮ್ಮ. ಆದ್ರೆ ಆ ಮನೆ ಕುಡಿಯೋ ನೀರಿನ ಲ್ಯಾಬ್ ರಿಪೋರ್ಟು ನನ್ನ ಕೈಗೆ ಕೊಡು. ರಿಪೋರ್ಟು ಸರಿ ಬಂದ್ರೆ, ರಜೆ ಮುಗಿದು ನಾನು ಕೆಲಸಕ್ಕೆ ಹೋಗೋ ತಿಂಗಳ ಒಂದನೇ ತಾರೀಕು ಮಗೂನ ತರ್ತೀನಿ. ಇಲ್ಲಾಂದ್ರೆ ಅಂಗಡಿ ಪಕ್ಕದ ಶಿಶುಕೇಂದ್ರದಲ್ಲಿ ಒಂದು ಜಾಗ ಹಿಡಿದಿಟ್ಟಿದಾರೆ."

ನನಗೇ ರಿಪೋರ್ಟು! ಥಿಯೇಟರಿನ ಬಾಗಿಲು ಕಾದವಳಿಗೆ! ಕೋಪ ಮೂಗಿನ ತುದಿಗೆ ಬಂತು. ಆದರೆ ವಾರ್ಡಿನಲ್ಲಿ ನಾವು ಮಾಡುವ ಹಾಗೆ, ಬರೆದಿಟ್ಟಿದ್ದನ್ನು ಬಿಟ್ಟು ಬೇರೇನನ್ನೂ ನಂಬಬೇಡ ಎಂದು ಅವಳಿಗೆ ಚಿಕ್ಕಂದಿನಿಂದ ಕಲಿಸಿದವಳು ನಾನೇ. ಕೋಪವನ್ನು ನುಂಗಿಕೊಂಡು "ಕೊಡೋಣ ಬಿಡು, ಅದೇನು ಮಹಾ" ಎಂದೆ.

ಮೊದಲು ನೀರು ಶುದ್ಧ ಮಾಡುವ ಯಂತ್ರದ ಹುಡುಕಾಟ. ನಮ್ಮ ಯಜಮಾನರು ನಲವತ್ತು ವರ್ಷ ಪುಸ್ತಕಕ್ಕೆ ರಟ್ಟು ಹಾಕಿದವರು, ಬೈಂಡರ್. ಯಾವ ಕಾಗದ ಕೈಗೆ ಸಿಕ್ಕರೂ ಹೊಲಿಯದೆ ಬಿಡುವವರಲ್ಲ. ಅಂಗಡಿ ಅಂಗಡಿ ಸುತ್ತಿ ಕರಪತ್ರಗಳನ್ನೆಲ್ಲ ಒಟ್ಟುಮಾಡಿ, ಅಂಚು ಕತ್ತರಿಸಿ, ನೂಲು ಹಾಕಿ, ನೀಲಿ ಬಟ್ಟೆಯ ರಟ್ಟು ಕಟ್ಟಿ, ಬೆನ್ನಿನ ಮೇಲೆ ಬಂಗಾರದ ಅಕ್ಷರದಲ್ಲಿ "ನೀರು, ಸಂಪುಟ ಒಂದು" ಎಂದು ಒತ್ತಿ ನನ್ನ ಮುಂದಿಟ್ಟರು. ಕೊನೆಯಲ್ಲಿ ಅಕಾರಾದಿ ಬೇರೆ.

"ರೀ, ಎರಡನೇ ಸಂಪುಟವೂ ಬರುತ್ತಾ?" ಎಂದೆ.

"ಕೊಳಕು ನೀರಿನದು. ಅದಿನ್ನೂ ಹೊಲಿಗೇಲಿದೆ" ಎಂದರು, ಒಂದಿಷ್ಟೂ ನಗದೆ.

ಆ ಸಂಪುಟದ ಐದನೆಯ ಪುಟದ ಕಂಪನಿಯಿಂದ ಟೈ ಕಟ್ಟಿಕೊಂಡ ಒಬ್ಬ ಮಾರಾಟಗಾರ ಬಂದ. ಊಟದ ಮೇಜಿನ ಮೇಲೆ ಎರಡು ಗಾಜಿನ ಲೋಟ ಇಟ್ಟ. ಒಂದರಲ್ಲಿ ನಮ್ಮ ಬಾವಿಯ ನೀರು, ಇನ್ನೊಂದರಲ್ಲಿ ಅವನ ಯಂತ್ರದ ನೀರು. ಕರೆಂಟಿನ ತಂತಿ ಸಿಕ್ಕಿಸಿದ ಕಡ್ಡಿಗಳನ್ನು ಎರಡರಲ್ಲೂ ಅದ್ದಿದ. ಎರಡು ನಿಮಿಷದಲ್ಲಿ ನಮ್ಮ ನೀರು ಕೆಂಪಗೆ ಕದಡಿ, ಮೇಲೆ ಹೊಲಸು ಕೆನೆ ಕಟ್ಟಿತು. ಅವನ ನೀರು ಕಣ್ಣೀರಿನಷ್ಟು ತಿಳಿ.

"ನೋಡಿ ಮೇಡಂ, ಇದನ್ನೇ ನೀವು ಮೊಮ್ಮಗೂಗೆ ಕುಡಿಸೋದು" ಎಂದು ನಿಟ್ಟುಸಿರು ಬಿಟ್ಟ. ಯಜಮಾನರ ಮುಖ ಬಿಳಿಚಿಹೋಯಿತು. ನಾನು ಒಳಗೆ ಹೋಗಿ ಉಪ್ಪಿನ ಡಬ್ಬಿ ತಂದೆ.

"ಈ ನಿಮ್ಮ ನೀರಿಗೆ ಒಂದು ಚಿಟಿಕೆ ಹಾಕಿದ್ದೀನಿ. ಈಗ ಅದ್ದಿ."

"ಅದು ಹಾಗಲ್ಲ ಮೇಡಂ, ಅದಕ್ಕೊಂದು ವಿಧಾನ ಇದೆ..."

"ವಿಧಾನ ಆಮೇಲೆ ನೋಡೋಣ. ಅದ್ದಿ."

ಅವನ ಕಣ್ಣೀರು ನಮ್ಮ ಬಾವಿಗಿಂತ ಕೆಂಪಾಯಿತು. ಕರಗುತ್ತಿದ್ದುದು ಅವನ ಕಬ್ಬಿಣದ ಕಡ್ಡಿ. ಕರೆಂಟು ಹರಿಯಲು ನೀರಿನಲ್ಲಿ ಒಂದಿಷ್ಟು ಉಪ್ಪಿದ್ದರೆ ಸಾಕು, ಕೊಳೆಗೂ ಅದಕ್ಕೂ ಸಂಬಂಧವೇ ಇಲ್ಲ. ಆತ ಲೋಟ, ತಂತಿ, ಟೈ ಎಲ್ಲ ಸುತ್ತಿಕೊಂಡು ಕಾಲಿಗೆ ಬುದ್ಧಿ ಹೇಳಿದ. ಅವತ್ತಿಡೀ ನಾನು ನೆಲದ ಮೇಲೆ ನಡೆಯಲಿಲ್ಲ. ನನ್ನನ್ನು ಏಮಾರಿಸುವವರು ಇನ್ನೂ ಹುಟ್ಟಿಲ್ಲ ಎಂದು ಯಜಮಾನರಿಗೆ ಮೂರು ಸಲ ಹೇಳಿದೆ. ಮೂರು ಸಲವೂ ಅವರು ತಲೆಯಾಡಿಸಿದರು, ಪಾಪ.

ಬಳಸಿ ಬಿಟ್ಟ ನೀರಿಗೆ ಟ್ಯಾಂಕು ಕೂರಿಸುವ ಮೇಸ್ತ್ರಿ ಬಂದದ್ದು ಆಮೇಲಿನ ವಾರ. ಅರವತ್ತರ ಹತ್ತಿರದ ಒಣಕಲು ಮನುಷ್ಯ, ಮುಖಕ್ಕಿಂತ ಒಂದು ಅಳತೆ ದೊಡ್ಡದಾದ ಮೂಗು. ಮೂಗಿನಿಂದಲೇ ಬದುಕುವವನು ಎಂದು ಆಮೇಲೆ ತಿಳಿಯಿತು. ಯಾವ ಟ್ಯಾಂಕಿನ ಮುಚ್ಚಳ ತೆಗೆದರೂ ಮೊದಲು ಬಗ್ಗಿ ಮೂಸುತ್ತಿದ್ದ, ಆಮೇಲೆ ಮಾತು. ಅವನಿಗೆ ನಾನು ಇಟ್ಟ ಹೆಸರು ಮೂಗಪ್ಪ. ಎದುರಿಗೆ ಮಾತ್ರ ಮೇಸ್ತ್ರಿ.

ಮೂಗಪ್ಪ ಹಿತ್ತಲಲ್ಲಿ ಮೂರು ಕಡೆ ಮೊಳದಾಳದ ಗುಂಡಿ ತೋಡಿ, ಒಂದೊಂದಕ್ಕೂ ಒಂದು ಬಕೆಟ್ ನೀರು ಹೊಯ್ದು, ಎಷ್ಟು ಹೊತ್ತಿಗೆ ಇಂಗುತ್ತದೆ ಎಂದು ಯಜಮಾನರ ಗಡಿಯಾರದಲ್ಲಿ ನೋಡಿದ. ನೀರು ನೋಡುನೋಡುತ್ತಲೇ ಮಾಯವಾಯಿತು.

"ಅಮ್ಮಾವ್ರೇ, ನಿಮ್ಮದು ಮರಳು ಮಣ್ಣು. ಮನೆ ಮೇಲಿದೆ, ಬಾವಿ ತಗ್ಗಲ್ಲಿದೆ. ಸುಮ್ನೆ ಒಂದು ಟ್ಯಾಂಕು, ಅದರ ಮುಂದೊಂದು ಇಂಗುಗುಂಡಿ ಅಂತ ಮಾಡಿದ್ರೆ ಕೆಲಸ ಸುಲಭ. ಆದ್ರೆ ಇಲ್ಲಿ ಬಿಟ್ಟಿದ್ದು ಅಲ್ಲಿ ಹೋಗಿ ತಿರುಗಿ ನಿಮ್ಮ ಲೋಟಕ್ಕೇ ಬರುತ್ತೆ."

"ಮತ್ತೇನು ಮಾಡ್ಬೇಕು?"

"ಮೂರು ಕೋಣೆ ಟ್ಯಾಂಕು ಕೂರಿಸೋಣ. ಸಣ್ಣ ಮೋಟಾರು, ಹಗಲೂ ರಾತ್ರಿ ಒಳಗೆ ಗಾಳಿ ಊದುತ್ತೆ. ಒಳಗಿರೋ ಜೀವಗಳು ಗಾಳಿ ಕುಡ್ಕೊಂಡು ಕೊಳೆ ತಿಂತವೆ. ಅಲ್ಲಿಂದ ಹೊರಗೆ ಬಂದ ನೀರು ಜಲ್ಲಿ ಪಾತಿಗೆ ಹೋಗುತ್ತೆ, ಪಾತೀಲಿ ಜೊಂಡು ನೆಡೋಣ. ಜೊಂಡಿನ ಬೇರು ಮಿಕ್ಕಿದ್ದನ್ನ ನೋಡ್ಕೊಳ್ಳುತ್ತೆ. ಬಾವಿಗೆ ದೂರ, ಮೇಲಿನ ಮೂಲೇಲಿ."

ಯಜಮಾನರು ಎರಡನೆಯ ಸಂಪುಟ ತೆಗೆದು ಪುಟ ತಿರುವಿ, ಮೂವತ್ತೊಂದನೆಯ ಪುಟದಲ್ಲಿ ಇದೇ ಚಿತ್ರವಿದೆ ಎಂದು ತೋರಿಸಿದರು. ಮೂಗಪ್ಪ ಚಿತ್ರಕ್ಕಿಂತ ರಟ್ಟನ್ನೇ ಹೆಚ್ಚು ಹೊತ್ತು ನೋಡಿ, ಚೆನ್ನಾಗಿ ಹೊಲಿದಿದ್ದೀರಿ ಎಂದ. ಅವತ್ತಿನಿಂದ ಇಬ್ಬರೂ ಗಳಸ್ಯ ಕಂಠಸ್ಯ.

ಕುಡಿಯುವ ನೀರಿನ ಮಾತೂ ಅವನೇ ಬಗೆಹರಿಸಿದ. ಮನೆ ಮಾರಿದವರು ಕೊಟ್ಟಿದ್ದ ಬಾವಿಯ ಹಳೆಯ ವರದಿ ನೋಡಿ, "ಒಳ್ಳೆ ನೀರು ಅಮ್ಮಾವ್ರೇ. ಗಡಸಿಲ್ಲ, ಉಪ್ಪು ಹೆಚ್ಚಿಲ್ಲ. ಆ ದೊಡ್ಡ ಯಂತ್ರ ಹಾಕಿದ್ರೆ ನೀರಲ್ಲಿರೋ ಒಳ್ಳೇದನ್ನೂ ತೆಗೆಯುತ್ತೆ, ಒಂದು ಲೋಟ ಕೊಟ್ಟು ಎರಡು ಲೋಟ ಚೆಲ್ಲುತ್ತೆ. ಚೆಲ್ಲಿದ್ದೂ ನಮ್ಮ ಟ್ಯಾಂಕಿಗೇ ಬರ್ಬೇಕು" ಎಂದ. ಹಾಗಾಗಿ ಪಂಪಿನ ಹತ್ತಿರ ಮರಳಿನ ಸೋಸುಡಬ್ಬಿ, ಅದರ ಮುಂದೆ ಇದ್ದಿಲಿನದು, ಅಡುಗೆಮನೆಯ ನಲ್ಲಿಗೆ ಮಾತ್ರ ಕ್ರಿಮಿ ಕೊಲ್ಲುವ ನೀಲಿ ದೀಪ ಎಂದು ತೀರ್ಮಾನವಾಯಿತು. ಕೊಲ್ಲುವ ದೀಪ ಎಂದಾಗ ನನಗೆ ಹಾಯೆನಿಸಿತು.

ಎಲ್ಲ ಕೂರಿಸಿ ಹೊರಡುವ ದಿನ ಮೂಗಪ್ಪ ನನ್ನನ್ನು ಕರೆದು, ಗುಂಡಗಿನ ಹಸಿರು ಮುಚ್ಚಳದ ಪಕ್ಕ ನಿಲ್ಲಿಸಿ ಹೇಳಿದ.

"ಇದರೊಳಗೆ ಇರೋದು ಜೀವ. ಫಿನಾಯಿಲು, ಬ್ಲೀಚಿಂಗು, ಆಸಿಡ್ಡು ಯಾವ್ದೂ ಬೇಡ. ಸಾದಾ ಸೋಪು, ಅದೂ ಹಿತಮಿತವಾಗಿ. ಮನೇಲಿ ಇನ್ನೂ ನಾಲ್ಕು ಜನ ಇದಾರೆ ಅಂದ್ಕೊಂಡು ನೋಡ್ಕೊಳ್ಳಿ."

ನಾನು ತಲೆಯಾಡಿಸಿದೆ. ಮರೆತೆ ಎಂದು ಈಗ ಸಬೂಬು ಹೇಳುವುದಿಲ್ಲ. ಚೆನ್ನಾಗಿ ನೆನಪಿತ್ತು, ನಂಬಲಿಲ್ಲ ಅಷ್ಟೇ. ಮೂವತ್ತನಾಲ್ಕು ವರ್ಷ ಯಾವುದನ್ನು ಕೊಂದು ಸಂಬಳ ತಗೊಂಡೆನೋ ಅದನ್ನು ಈಗ ಸಾಕು ಅಂದರೆ? ಗುಂಡಿ ತೋಡುವವನಿಗೆ ಸೋಂಕಿನ ವಿಷಯ ಏನು ಗೊತ್ತು ಎಂದುಕೊಂಡೆ. ದಿನಾ ಸಂಜೆ ಐದಕ್ಕೆ ಬಚ್ಚಲಿಗೆ ಎರಡು ಮುಚ್ಚಳ ಫಿನಾಯಿಲು, ಪಾಯಿಖಾನೆಗೆ ಮೂರು, ಅಡುಗೆಮನೆಯ ಸಿಂಕಿಗೆ ಒಂದು. ಭಾನುವಾರ ಭಾನುವಾರ ಹಸಿರು ಮುಚ್ಚಳ ತೆಗೆದು ಟ್ಯಾಂಕಿಗೇ ನೇರವಾಗಿ ಒಂದು ಚೊಂಬು ಬ್ಲೀಚಿಂಗ್ ನೀರು. ಟ್ಯಾಂಕಾದರೇನು, ಅದೂ ತೊಳೆದಂತಿರಲಿ ಎಂದು.

ಎರಡು ತಿಂಗಳಾಗುವಷ್ಟರಲ್ಲಿ ಜೊಂಡು ಹಳದಿಗೆ ತಿರುಗಿತು. ಜಲ್ಲಿಯ ಮೇಲೆ ಜಿಡ್ಡು ಕಟ್ಟಿ, ಪಾತಿಯ ಅಂಚಿನಿಂದ ಸಣ್ಣಗೆ ನೀರು ಜಿನುಗತೊಡಗಿತು. ಯಜಮಾನರು ತೋರಿಸಿದರು. ಬಿಸಿಲಿಗೆ ಹಾಗಾಗುತ್ತೆ ಎಂದು ಬಾಯಿ ಮುಚ್ಚಿಸಿದೆ.

ಒಂದನೇ ತಾರೀಕಿಗೆ ಇನ್ನು ಎರಡು ವಾರವಿದ್ದಾಗ ಲ್ಯಾಬಿಗೆ ನೀರು ಕಳಿಸಿದೆ. ಮಗಳು ಕೇಳಿದ್ದು ಕುಡಿಯುವ ನೀರಿನದು, ಅಂದರೆ ಅಡುಗೆಮನೆಯ ನಲ್ಲಿಯದು ಮಾತ್ರ. ನಾನು ಎರಡು ಬಾಟಲಿ ತುಂಬಿಸಿದೆ, ಒಂದು ನಲ್ಲಿಯದು, ಒಂದು ಬಾವಿಯದು. ಮೊದಲು ಹೇಗಿತ್ತು, ಆಮೇಲೆ ಹೇಗಾಯಿತು ಎರಡೂ ಇರಬೇಕು ಎನ್ನುವುದು ಕೆಲಸದಲ್ಲಿ ಬಂದ ಚಾಳಿ. ನಲ್ಲಿಯ ಬಾಯಿಗೆ ಸ್ಪಿರಿಟ್ ಸವರಿ, ಬೆಂಕಿ ತೋರಿಸಿ, ಕೈಗವಸು ಹಾಕಿಕೊಂಡು ತುಂಬಿಸಿದ್ದನ್ನು ನೋಡಿ ಯಜಮಾನರು "ನಲ್ಲಿಗೇನಾದ್ರೂ ಆಪರೇಷನ್ನಾ?" ಎಂದರು.

ನಾಲ್ಕು ದಿನಕ್ಕೆ ಎರಡು ಹಾಳೆ ಬಂದವು. ನಲ್ಲಿಯ ನೀರು ನಿರ್ಮಲ, ಕಾಲಂ ತುಂಬ ಸೊನ್ನೆ. ಬಾವಿಯ ಹಾಳೆಯಲ್ಲಿ ಎರಡು ಸಾಲಿನ ಕೆಳಗೆ ಕೆಂಪು ಗೀಟು. ಆ ಕ್ರಿಮಿಗಳ ಹೆಸರನ್ನು ನಾನು ಸಾವಿರ ಸಲ ಓದಿದವಳು. ಕರುಳಿನಲ್ಲಿ ಇರುವಂಥವು, ಮಲದಿಂದ ಬರುವಂಥವು. ಮನೆ ಕೊಂಡಾಗ ಇದೇ ಬಾವಿ ಹಾಲಿನಷ್ಟು ಶುದ್ಧವಾಗಿತ್ತು.

ಫೋನು ಮಾಡಿದ ಒಂದು ಗಂಟೆಗೆ ಮೂಗಪ್ಪ ಬಂದ. ಪಾತಿ ನೋಡಿದ, ಜಿನುಗು ನೀರು ಇಳಿಜಾರಿನಲ್ಲಿ ಹಿಡಿದ ದಾರಿಯನ್ನು ಕಾಲಲ್ಲೇ ಅಳೆದುಕೊಂಡು ಬಾವಿಯ ಕಟ್ಟೆಯ ಬಿರುಕಿನವರೆಗೆ ಹೋದ. ವಾಪಸು ಬಂದು ಹಸಿರು ಮುಚ್ಚಳ ತೆಗೆದು ಮೂಸಿದ. ಪಕ್ಕಕ್ಕೆ ಸರಿದು ನನಗೆ ಜಾಗ ಕೊಟ್ಟ.

"ನೀವೂ ನೋಡಿ."

ಹುಣ್ಣಿನ ಕೀವನ್ನು ವಾರ್ಡಿನ ಬಾಗಿಲಿನಿಂದಲೇ ಕಂಡುಹಿಡಿಯುತ್ತಿದ್ದ ಮೂಗು ನನ್ನದು. ಬಗ್ಗಿದೆ. ಬೆಳಗ್ಗೆ ಆರಕ್ಕೆ ಆಗಷ್ಟೇ ಒರೆಸಿದ ಕಾರಿಡಾರಿನದೇ ವಾಸನೆ.

"ಆಸ್ಪತ್ರೆ ವಾಸನೆ" ಎಂದ ಮೂಗಪ್ಪ.

ದೇವರಾಣೆ, ಒಂದು ಗಳಿಗೆ ಅದನ್ನು ನಾನು ಹೊಗಳಿಕೆ ಅಂದುಕೊಂಡೆ.

"ಜೀವ ಇರೋ ಟ್ಯಾಂಕು ಮಳೆ ಬಿದ್ದ ಮಣ್ಣಿನ ತರ ಇರ್ಬೇಕಮ್ಮ. ಇದು ಸತ್ತೋಗಿದೆ. ಏನು ಹಾಕ್ತಿದ್ರಿ?"

ಯಜಮಾನರು ತಮ್ಮ ಚಪ್ಪಲಿಯನ್ನೇ ನೋಡಿಕೊಂಡು ನಿಂತರು. ಹಿಂಬಾಗಿಲ ಪಕ್ಕ ಐದೈದು ಲೀಟರಿನ ಫಿನಾಯಿಲ್ ಕ್ಯಾನುಗಳು ಸಾಲಾಗಿದ್ದವು. ಮೂಗಪ್ಪ ಅತ್ತ ಒಮ್ಮೆ ನೋಡಿದ, ಬೈಯಲಿಲ್ಲ. ಬೈದಿದ್ದರೆ ತಿರುಗಿಸಿ ಬೈದು ಹಗುರಾಗುತ್ತಿದ್ದೆ.

"ಔಷಧಿ ಮೇಲ್ಮೇಲಿಂದು ಕೊಲ್ಲುತ್ತೆ ಅಷ್ಟೇ. ಗಟ್ಟಿ ಕೊಳೆ ಒಳಗಿರೋದು ಹಾಗೇ ಉಳಿಯುತ್ತೆ. ತಿನ್ನೋರು ಇಲ್ಲದೆ ಇದ್ರೆ ಗಟ್ಟಿ ಹಾಗ್ಹಾಗೇ ಹೊರಗೆ ಬಂತು, ಜಲ್ಲಿ ಕಟ್ಕೊಂತು, ಮೇಲೆ ಹರಿದು ಬಾವಿ ಸೇರ್ತು. ಒಳ್ಳೆಯವ್ರು ಮೊದಲು ಸತ್ರು, ಕೆಟ್ಟವ್ರು ದಾಟ್ಕೊಂಡ್ರು."

ಟ್ಯಾಂಕು ಖಾಲಿ ಮಾಡಬೇಕು, ಜಲ್ಲಿ ತೆಗೆದು ತೊಳೆಯಬೇಕು, ಚೆನ್ನಾಗಿರುವ ಬೇರೆ ಮನೆಯ ಟ್ಯಾಂಕಿನಿಂದ ಜೀವವಿರುವ ಕೆಸರು ತಂದು ಹೆಪ್ಪು ಹಾಕಬೇಕು, ಕಟ್ಟೆಯ ಬಿರುಕು ಮುಚ್ಚಿ ಬಾವಿಯ ನೀರೆಲ್ಲ ಹೊರಹಾಕಬೇಕು. ಎಲ್ಲ ಸೇರಿ ಎರಡು ತಿಂಗಳು ಎಂದ. ಒಂದನೇ ತಾರೀಕಿಗೆ ಒಂಬತ್ತು ದಿನ ಉಳಿದಿತ್ತು.

ಅವನು ಹೋದ ಮೇಲೆ ನಾವಿಬ್ಬರೂ ಊಟದ ಮೇಜಿನ ಮುಂದೆ ಕೂತೆವು. ಎರಡು ಹಾಳೆಗಳೂ ಮೇಜಿನ ಮೇಲಿದ್ದವು.

"ಅವಳು ಕೇಳಿದ್ದು ಕುಡಿಯೋ ನೀರಿಂದು. ಅದು ಸರಿಯಾಗಿದೆಯಲ್ಲ" ಎಂದರು ಯಜಮಾನರು, ನನ್ನ ಮುಖ ನೋಡದೆ. "ಒಂದನ್ನ ತೋರಿಸಿದ್ರೆ ಸುಳ್ಳು ಹೇಳಿದ ಹಾಗೇನೂ ಆಗಲ್ಲ."

ನಾನೂ ಅಷ್ಟು ಹೊತ್ತೂ ಅದನ್ನೇ ಯೋಚಿಸುತ್ತಿದ್ದೆ. ಆ ಹಾಳೆಯಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಮಗಳು ಕೂಸನ್ನು ತರುತ್ತಿದ್ದಳು. ನಾನು ಇತ್ತ ಸದ್ದಿಲ್ಲದೆ ಟ್ಯಾಂಕು ಸರಿಮಾಡಿಸುತ್ತಿದ್ದೆ. ಯಾರಿಗೆ ಗೊತ್ತಾಗುತ್ತಿತ್ತು? ಶಿಶುಕೇಂದ್ರಕ್ಕೆ ಒಮ್ಮೆ ಹೊಂದಿಕೊಂಡ ಕೂಸನ್ನು ಅಲ್ಲಿಂದ ಬಿಡಿಸಿ ತರುವುದುಂಟೇ? ಕೈಗೆ ಬಂದದ್ದು ಇನ್ನೊಮ್ಮೆ ಬೇರೆಯವರ ಹಜಾರಕ್ಕೆ ಹೋಗುತ್ತದಲ್ಲ. ಆದರೆ ನೀಲಿ ದೀಪ ಇರುವುದು ಅಡುಗೆಮನೆಯಲ್ಲಿ ಮಾತ್ರ. ಕೂಸಿಗೆ ಸ್ನಾನ ಮಾಡಿಸುವುದು ಬಚ್ಚಲಿನಲ್ಲಿ. ಸ್ನಾನದ ನೀರನ್ನು ಬೊಗಸೆಗಟ್ಟಲೆ ನುಂಗದ ಕೂಸನ್ನು ನಾನಿನ್ನೂ ನೋಡಿಲ್ಲ. ದೀಪವೂ ಒಂದಲ್ಲ ಒಂದು ದಿನ ಕೈಕೊಡುವ ವಸ್ತುವೇ.

"ಎರಡನ್ನೂ ತಗೊಂಡು ಹೋಗ್ತೀನಿ" ಎಂದೆ. ಯಜಮಾನರು ಎದ್ದು ಹೋಗಿ, ಎರಡೂ ಹಾಳೆಗಳನ್ನು ಒಂದು ರಟ್ಟಿನ ಕವರಿನೊಳಗೆ ನೀಟಾಗಿ ಸೇರಿಸಿ ಕೊಟ್ಟರು.

ಮಗಳ ಮನೆ ಮೂರನೆಯ ಮಹಡಿ. ಹತ್ತುವಷ್ಟರಲ್ಲಿ ಏದುಸಿರು. ಕೂಸು ನನ್ನನ್ನು ಕಂಡದ್ದೇ ಎರಡೂ ಕೈ ಚಾಚಿ ಹಾರಿತು. ಅದನ್ನು ಸೊಂಟದಲ್ಲಿ ಕೂರಿಸಿಕೊಂಡೇ ಮೊದಲ ಹಾಳೆ ಕೊಟ್ಟೆ. ಮಗಳು ಕಣ್ಣಿಗೆ ಹತ್ತಿರ ಹಿಡಿದು ಒಂದೊಂದೇ ಸಾಲು ಓದಿದಳು. ಮುಖ ಅರಳಿತು.

"ಪರ್ವಾಗಿಲ್ವೇ! ಹಾಗಾದ್ರೆ ಒಂದನೇ ತಾರೀಕು ಗ್ಯಾರಂಟಿ."

ಬಾಯಿ ಮುಚ್ಚಿಕೊಂಡಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಕೂಸು ನನ್ನ ಕಿವಿ ಹಿಡಿದು ಎಳೆಯುತ್ತಿತ್ತು.

"ಇನ್ನೊಂದು ಹಾಳೆ ಇದೆ" ಎಂದೆ. "ಅದು ಬಾವೀದು. ನೀನು ಕೇಳಿರ್ಲಿಲ್ಲ. ಕೆಟ್ಟಿದೆ. ಕೆಡಿಸಿದ್ದು ನಾನೇ. ಟ್ಯಾಂಕಿಗೆ ಔಷಧಿ ಹಾಕ್ಬೇಡಿ ಅಂತ ಮೇಸ್ತ್ರಿ ಬಿಡಿಸಿ ಹೇಳಿದ್ರು, ನಾನು ದಿನಾ ಹಾಕ್ದೆ. ನಂದೇ ತಪ್ಪು. ಸರಿಯಾಗೋಕೆ ಎರಡು ತಿಂಗಳು ಬೇಕು. ಅಲ್ಲೀವರೆಗೂ ಮಗೂನ ಕರ್ಕೊಂಡು ಬರ್ಬೇಡ."

ಒಂದೇ ಉಸಿರಿಗೆ ಹೇಳಿ ಮುಗಿಸಿದೆ. ನಡುವೆ ನಿಲ್ಲಿಸಿದ್ದರೆ ಮತ್ತೆ ಶುರುಮಾಡಲು ಆಗುತ್ತಿರಲಿಲ್ಲ. ಮಗಳು ಎರಡನೆಯ ಹಾಳೆಯನ್ನು ಓದಿದಳು, ನನ್ನನ್ನು ನೋಡಿದಳು, ಮತ್ತೆ ಹಾಳೆಯನ್ನು ಓದಿದಳು.

"ಸರಿ ಅಮ್ಮ" ಎಂದಳು. ಅಷ್ಟೇ.

ವಾಪಸು ಬರುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಅತ್ತುಬಿಟ್ಟೆ. ಕಂಡಕ್ಟರು ಟಿಕೆಟ್ ಕೊಟ್ಟು, ಕಣ್ಣಿಗೇನಾದರೂ ಬಿತ್ತಾ ಅಮ್ಮ ಎಂದ. ಹೌದಪ್ಪ ಎಂದೆ.

ಮಾರನೆಯ ಬೆಳಗ್ಗೆಯಿಂದ ಕೆಲಸ ಹಿಡಿಯಿತು. ಅತ್ತುಕೊಂಡು ಕೂರುವ ಜಾತಿ ನಾನಲ್ಲ. ಫಿನಾಯಿಲಿನ ಕ್ಯಾನುಗಳನ್ನೆಲ್ಲ ನಾನಿದ್ದ ಆಸ್ಪತ್ರೆಗೆ ಕಳಿಸಿಕೊಟ್ಟೆ, ಅವುಗಳಿಗೆ ಅದೇ ಸರಿಯಾದ ಮನೆ. ಜಲ್ಲಿಯನ್ನು ಬುಟ್ಟಿ ಬುಟ್ಟಿ ಎತ್ತಿ ತೊಳೆದೆವು. ಮೂರನೆಯ ದಿನ ಮೂಗಪ್ಪ ನಾಲ್ಕು ಕ್ಯಾನು ಕಂದು ಕೆಸರು ತಂದ. ಆಚೆ ಬೀದಿಯ ಬೇಕರಿಯವರ ಟ್ಯಾಂಕಿನದು, ಹನ್ನೆರಡು ವರ್ಷದಿಂದ ಒಂದು ದಿನವೂ ಕಾಯಿಲೆ ಬೀಳದ ಟ್ಯಾಂಕು ಎಂದ.

"ನೀವೇ ಹಾಕಿ ಅಮ್ಮಾವ್ರೇ" ಎಂದು ಮೊದಲ ಕ್ಯಾನನ್ನು ನನ್ನ ಕೈಗೆ ಕೊಟ್ಟ.

ಮೂವತ್ತನಾಲ್ಕು ವರ್ಷದ ಕೈ ಒಂದು ಗಳಿಗೆ ಹಿಂದೆಮುಂದೆ ನೋಡಿತು. ಆಮೇಲೆ ರಕ್ತದ ಬಾಟಲಿ ಹಿಡಿದಷ್ಟೇ ಜೋಪಾನವಾಗಿ, ತೊಟ್ಟೂ ಹೊರಗೆ ಚೆಲ್ಲದಂತೆ ಹೊಯ್ದೆ. ಮೋಟಾರು ಗುಳುಗುಳು ಎಂದಿತು. ಯಜಮಾನರು ಒಂದು ಸಣ್ಣ ಪುಸ್ತಕ ಹೊಲಿದುಕೊಟ್ಟರು. ರೋಗಿಯ ಚಾರ್ಟಿನ ಹಾಗೆ ಅದರಲ್ಲಿ ದಿನಕ್ಕೆ ಎರಡು ಸಲ ಬರೆದೆ: ವಾಸನೆ, ಬಣ್ಣ, ನೊರೆ, ಗಾಳಿ. ಬಚ್ಚಲಿಗೆ ಸಾದಾ ಸೋಪು, ಬಿಸಿನೀರು, ತೆಂಗಿನ ನಾರಿನ ಬ್ರಷ್ಷು, ನನ್ನ ರಟ್ಟೆ. ಅಷ್ಟಕ್ಕೇ ಬಚ್ಚಲು ಮೊದಲಿನಷ್ಟೇ ಹೊಳೆಯಿತು ಎನ್ನುವುದು ನನಗೆ ಸ್ವಲ್ಪ ಅವಮಾನವೇ.

ಎಂಟನೆಯ ದಿನ ಮುಚ್ಚಳ ತೆಗೆದಾಗ ಹಸಿ ಮಣ್ಣಿನ ಎಳೆಯೊಂದು ಮೂಗಿಗೆ ಬಂತು. ಬಹಳ ಸಣ್ಣದು, ಹೌದೋ ಅಲ್ಲವೋ ಎನ್ನುವಷ್ಟು. ಯಜಮಾನರನ್ನು ಕರೆದೆ. ಅವರು ಬಗ್ಗಿ ಮೂಸಿ "ನಂಗೇನೂ ಗೊತ್ತಾಗ್ತಿಲ್ಲ, ಆದ್ರೆ ನೀನು ಹೇಳಿದ್ರೆ ಇರ್ಬೇಕು" ಎಂದರು. ಆ ಕೊಳಕು ಟ್ಯಾಂಕಿನ ಮುಂದೆ ಮಂಡಿಯೂರಿ ಕೂತು ನಾವಿಬ್ಬರೂ ಸುಮ್ಮಸುಮ್ಮನೆ ನಕ್ಕೆವು.

ಒಂದನೇ ತಾರೀಕು ಬೆಳಗ್ಗೆ ಬೇಕೆಂದೇ ಬೇಗ ಎದ್ದು ಕಿಟಕಿಗಳನ್ನು ಒರೆಸಲು ನಿಂತೆ. ಇಷ್ಟು ಹೊತ್ತಿಗೆ ಕೂಸು ಶಿಶುಕೇಂದ್ರದ ಬಾಗಿಲಲ್ಲಿ ಅಳುತ್ತಿರಬಹುದು ಎಂದು ಒರೆಸಿದ್ದನ್ನೇ ಒರೆಸುತ್ತಿದ್ದೆ. ಏಳೂವರೆಗೆ ಗೇಟಿನ ಹತ್ತಿರ ಮಗಳ ಸ್ಕೂಟರು ನಿಂತಿತು. ಎದೆಗೆ ಕಟ್ಟಿಕೊಂಡ ಕೂಸು, ಕಾಲ ಹತ್ತಿರ ಎರಡು ದೊಡ್ಡ ನೀರಿನ ಕ್ಯಾನು, ಬೆನ್ನಿಗೊಂದು ಚೀಲ. ನಾನು ಒರೆಸುವ ಬಟ್ಟೆ ಹಿಡಿದೇ ಓಡಿದೆ.

"ಏನೇ ಇದು? ಕರ್ಕೊಂಡು ಬರ್ಬೇಡ ಅಂದಿರ್ಲಿಲ್ವಾ?"

"ಅಂದಿದ್ದೆ" ಎಂದಳು, ಹೆಲ್ಮೆಟ್ ತೆಗೆಯುತ್ತ. "ನಮ್ಮನೆ ನೀರು ತಂದಿದ್ದೀನಿ. ಕುಡಿಯೋಕೂ ಅದೇ, ಸ್ನಾನಕ್ಕೂ ಅದೇ. ಬಾವಿ ಸರಿಯಾಗೋವರೆಗೂ ದಿನಾ ತರ್ತೀನಿ. ಹಿಡ್ಕೋ, ನಂಗೆ ಹೊತ್ತಾಯ್ತು."

"ಅಷ್ಟೆಲ್ಲ ಕಷ್ಟಪಟ್ಟು... ಶಿಶುಕೇಂದ್ರದ ಜಾಗ?"

"ಮೊನ್ನೇನೇ ಬೇಡ ಅಂದೆ." ಕೂಸನ್ನು ಬಿಚ್ಚಿ ನನ್ನ ಕೈಗೆ ಕೊಟ್ಟಳು. ಹೋಗಲಿಲ್ಲ, ಸ್ಕೂಟರಿಗೆ ಒರಗಿ ನಿಂತಳು. "ಅಮ್ಮ, ಒಂದು ಹೇಳ್ಲಾ? ನಂಗೆ ನೀರಿನ ಭಯ ಇರ್ಲೇ ಇಲ್ಲ. ನೀನಿರೋ ಮನೇಲಿ ನೀರು ಕೆಟ್ಟಿರುತ್ತೆ ಅಂತ ಯಾರು ಅಂದ್ಕೋತಾರೆ?"

"ಮತ್ತೆ ರಿಪೋರ್ಟು ಯಾಕೆ ಕೇಳ್ದೆ?"

"ಬೇರೆ ಏನು ಕೇಳೋಕಾಗುತ್ತಿತ್ತು ನಿನ್ನ ಹತ್ರ? ಮಗೂಗೆ ದಿನಕ್ಕೆ ಹತ್ತು ಸಲ ಕೈ ತಿಕ್ಕಬೇಡ ಅಂತ ಹೇಳಿದ್ರೆ ಕೇಳ್ತಿದ್ಯಾ? ನಂಗೆ ನಿನ್ನ ಭಯ ಇತ್ತಮ್ಮ, ರಿಪೋರ್ಟು ಬರೀ ನೆಪ. ನೀನು ಮಾಡಿದ್ದು ಸರಿಯಿಲ್ಲ ಅಂತ ಈ ಮೂವತ್ತು ವರ್ಷದಲ್ಲಿ ಒಂದು ಸಲಾನೂ ಹೇಳೋಕಾಗಿಲ್ಲ ನಂಗೆ. ನೀನು ಒಪ್ಕೊಳ್ಳಲ್ಲ ಅಂತ ಗೊತ್ತಿತ್ತು." ಹೆಲ್ಮೆಟನ್ನು ಸ್ಕೂಟರಿನ ಮೇಲಿಟ್ಟಳು. "ಅವತ್ತು ನೀನೇ ಹೇಳ್ದೆ, ನಂದೇ ತಪ್ಪು ಅಂತ. ಅದೂ ಮಗು ಸಿಗಲ್ಲ ಅಂತ ಗೊತ್ತಿದ್ದೂ ಹೇಳ್ದೆ. ಇನ್ಮೇಲೆ ನಿಂಗೆ ಹೇಳ್ಬಹುದು ಅನ್ನಿಸ್ತು."

ಮೂವತ್ತು ವರ್ಷ ಎನ್ನುವ ಮಾತು ನಾಟಿತು. ಅವಳನ್ನು ನೋಡಿಕೊಳ್ಳಲು ನಾನು ಮನೆಯಲ್ಲಿರಲಿ ಇಲ್ಲದಿರಲಿ, ಅವಳು ನನಗೆ ಹೆದರಿಕೊಂಡೇ ಬೆಳೆದಿದ್ದಳು. ನನಗದು ಗೊತ್ತೇ ಇರಲಿಲ್ಲ. "ಹೇಳು ಹಾಗಾದ್ರೆ" ಎಂದೆ.

"ಅವಳನ್ನ ನೆಲದ ಮೇಲೆ ಬಿಡು. ಎಲ್ಲಿ ಬೇಕಾದ್ರೂ ಹರಿದಾಡ್ಲಿ. ಕೈಗೆ ಸಿಕ್ಕಿದ್ದನ್ನೆಲ್ಲ ಕಿತ್ಕೋಬೇಡ, ಗಂಟಲಿಗೆ ಸಿಕ್ಕೋ ಅಂಥದ್ದು ಬಿಟ್ಟು. ಬಾಯಿಗೆ ಹಾಕ್ಕೊಳ್ಳಲಿ."

"ಆಯ್ತು" ಎಂದೆ. ಯಾವ ಸರ್ಜನ್ನಿನ ಮಾತಿಗೂ ನಾನು ಅಷ್ಟು ಬೇಗ ಆಯ್ತು ಎಂದವಳಲ್ಲ.

ಸ್ಕೂಟರು ತಿರುವಿನಲ್ಲಿ ಮರೆಯಾಗುವವರೆಗೂ ನಿಂತಿದ್ದು, ಒಳಗೆ ಬಂದು ಕೂಸನ್ನು ಹಜಾರದ ನೆಲದ ಮೇಲೆ ಬಿಟ್ಟೆ. ಅದು ಒಂದು ಕ್ಷಣವೂ ಯೋಚಿಸದೆ ದಡದಡ ಹರಿದು ಹೋಗಿ ಊಟದ ಮೇಜಿನ ಕಾಲನ್ನು ಅಪ್ಪಿಕೊಂಡು ನೆಕ್ಕಿತು. ನನ್ನ ಬಲಗೈ ತಾನಾಗಿಯೇ ಅರ್ಧ ಎದ್ದಿತು. ನಾನೂ ನೆಲದ ಮೇಲೆ ಕೂತು, ಆ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡೆ. ಯಜಮಾನರು ಬಾಗಿಲಲ್ಲಿ ನಿಂತು ನಮ್ಮಿಬ್ಬರನ್ನೂ ನೋಡುತ್ತಿದ್ದರು. ಕೂಸು ತಿರುಗಿ ನನ್ನನ್ನು ನೋಡಿತು, ಇದ್ದ ಎರಡೂ ಹಲ್ಲು ತೋರಿಸಿ ನಕ್ಕಿತು, ಮತ್ತೆ ನೆಕ್ಕಿತು.